ಮೊದಲ ಆಟದ ಗೆಳೆಯರಿಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಟಾಕೀಸುಗಳಲ್ಲಿ ಮೊದಲ ದಿನದ ಮೊದಲ ಆಟವನ್ನೇ ನೋಡಿ, ಗೇಟಿನ ಹೊರಗೆ ಮೊಬೈಲ್ ಕ್ಯಾಮೆರಾದ ಮುಂದೆ ನಿಂತು ಅಭಿಪ್ರಾಯ ಹೇಳುವ ಗೆಳೆಯರೇ, ತಂಗಿಯರೇ,



ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮಾತು ಊರೆಲ್ಲ ಹಬ್ಬಿರುತ್ತದೆ. ಸಂಜೆಯ ಆಟಕ್ಕೆ ಹೋಗೋಣ ಎಂದುಕೊಂಡವರು, ಭಾನುವಾರ ಮನೆಮಂದಿಯನ್ನೆಲ್ಲ ಹೊರಡಿಸಬೇಕೆಂದಿದ್ದವರು ಅದನ್ನು ಕೇಳಿಯೇ ತೀರ್ಮಾನ ಮಾಡುತ್ತಾರೆ. ಪತ್ರಿಕೆಯ ವಿಮರ್ಶೆ ಬರುವಷ್ಟರಲ್ಲಿ ಸಿನಿಮಾದ ಹಣೆಬರಹ ಅರ್ಧ ಬರೆದಾಗಿರುತ್ತದೆ. ಬರೆದವರು ನೀವು. ಅಷ್ಟು ತೂಕವಿರುವ ಮಾತಾದ್ದರಿಂದ ನಿಮಗೇ ನೇರವಾಗಿ ಬರೆಯಬೇಕೆನಿಸಿತು.

ನಿಮ್ಮ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಒಂದು ಮಾತು: "ಎಕ್ಸ್‌ಪೆಕ್ಟ್ ಮಾಡಿದಷ್ಟು ಇಲ್ಲ ಗುರೂ." ಯಾವುದೋ ಹಳೆಯ ಬಗೆಯ ಸಿನಿಮಾವನ್ನು ಪ್ರೀತಿಯಿಂದ ನೆನೆದು ಮಾಡಿದ ಚಿತ್ರ ಬಂದಾಗಲಂತೂ ಈ ಮಾತು ತಪ್ಪದೆ ಬರುತ್ತದೆ. ಕೌಬಾಯ್ ಟೋಪಿ ಇರಬಹುದು, ಎಂಬತ್ತರ ದಶಕದ ಪತ್ತೇದಾರಿ ಇರಬಹುದು, ಡಕಾಯಿತರ ಕಥೆ ಇರಬಹುದು. ಆ ಮಾತಿನಿಂದ ನೀವು ಮನೆಯಿಂದ ಏನು ಹೊತ್ತು ಬಂದಿದ್ದಿರಿ ಎಂಬುದು ತಿಳಿಯುತ್ತದೆ. ಪರದೆಯ ಮೇಲೆ ಏನಿತ್ತು ಎಂಬುದು ಮಾತ್ರ ನಮಗೆ ತಿಳಿಯದೆ ಉಳಿಯುತ್ತದೆ.

2019ರ ಎರಡು ಕನ್ನಡ ಚಿತ್ರಗಳನ್ನು ನೆನೆಸಿಕೊಳ್ಳಿ. ಫೆಬ್ರುವರಿಯಲ್ಲಿ ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ' ಬಂತು. ಟಿ.ಕೆ. ದಯಾನಂದ ಬರೆದ ಕಥೆ, ಪತ್ತೇದಾರಿ ಹುಚ್ಚು ಹತ್ತಿಸಿಕೊಂಡ ದಿವಾಕರನಾಗಿ ರಿಷಬ್ ಶೆಟ್ಟಿ. ಹಳೆಯ ಪತ್ತೇದಾರಿ ಕಾದಂಬರಿಗಳಿಗೂ ಹಳೆಯ ಸಿಐಡಿ ಸಿನಿಮಾಗಳಿಗೂ ಕೈಮುಗಿದು ಮಾಡಿದ ಚಿತ್ರ ಅದು. ಸದ್ದುಗದ್ದಲವಿಲ್ಲದೆ ಬಂತು, ಜನ ನಕ್ಕರು, ನೂರು ದಿನ ದಾಟಿತು. ಅದೇ ವರ್ಷ ಡಿಸೆಂಬರ್ 27ಕ್ಕೆ ಸಚಿನ್ ರವಿ ನಿರ್ದೇಶನದ 'ಅವನೇ ಶ್ರೀಮನ್ನಾರಾಯಣ' ತೆರೆಕಂಡಿತು. ಅಮರಾವತಿ ಎಂಬ ಕಲ್ಪಿತ ಊರು, ಧೂಳು, ಬಾರು, ಬಂದೂಕು, ಕೌಬಾಯ್ ಟೋಪಿ, ನಡುವೆ ತುಂಟ ಪೊಲೀಸ್ ನಾರಾಯಣನಾಗಿ ರಕ್ಷಿತ್ ಶೆಟ್ಟಿ. ಅದೂ ಹಳೆಯ ಸಿನಿಮಾಗಳಿಗೆ ಸಲ್ಲಿಸಿದ ಪ್ರೀತಿಯ ಕಾಣಿಕೆಯೇ. ಆದರೆ ಅದರ ಹಿಂದಿನ ಡಿಸೆಂಬರಿನಲ್ಲಿ 'ಕೆಜಿಎಫ್' ಬಂದು ಹೋಗಿತ್ತು. ಹಲವು ಭಾಷೆಗಳಲ್ಲಿ ಬಿಡುಗಡೆ, ದೊಡ್ಡ ಬಜೆಟ್ಟು, ದೊಡ್ಡ ಪ್ರಚಾರ ಎಂದೊಡನೆ ನಮ್ಮ ಜನ ಇನ್ನೊಂದು ಕೆಜಿಎಫ್ ನೋಡಲು ಸಾಲು ನಿಂತರು. ಒಳಗೆ ಸಿಕ್ಕಿದ್ದು ಮೂರು ಗಂಟೆಗಳ ಆಟ, ತಮಾಷೆ, ನಿಧಿಯ ಒಗಟು. "ಏನೋ ಅಂದ್ಕೊಂಡಿದ್ವಿ" ಎಂದು ಎಷ್ಟೋ ಮಂದಿ ಎದ್ದು ಬಂದರು.

ಆ ಚಿತ್ರದಲ್ಲಿ ನನಗೆ ಬಲು ಇಷ್ಟವಾದ ಒಂದು ಸಂಗತಿಯನ್ನು ಆ ದಿನ ಯಾರೂ ಕ್ಯಾಮೆರಾ ಮುಂದೆ ಹೇಳಲಿಲ್ಲ. ಅದರಲ್ಲಿ ಅಭೀರರೆಂಬ ಡಕಾಯಿತರ ಲೂಟಿಯನ್ನು ಹೊಡೆದುಕೊಂಡು ಹೋಗುವವರು ಬಂದೂಕಿನ ಸರದಾರರಲ್ಲ, ನಾಟಕ ಕಂಪನಿಯ ವಾದ್ಯದವರು! ಅಮೆರಿಕದ ಕೌಬಾಯ್ ಕಥೆಯಲ್ಲಿ ರೈಲು ದೋಚುವ ಗ್ಯಾಂಗ್ ಇರಬೇಕಾದ ಜಾಗದಲ್ಲಿ ಕನ್ನಡದ ರಂಗಭೂಮಿಯನ್ನು ತಂದು ಕೂರಿಸಿದ ಯೋಚನೆ ಅದು. ಚಿತ್ರ ಉದ್ದವಾಯಿತು ಎನ್ನಿ, ಒಪ್ಪುತ್ತೇನೆ. ಕೆಲವು ಕಡೆ ಎಳೆದಾಟವಿದೆ ಎನ್ನಿ, ಅದಕ್ಕೂ ನನ್ನ ತಕರಾರಿಲ್ಲ. ಕೆಜಿಎಫ್ ತರಹ ಇಲ್ಲ ಎಂಬುದು ಮಾತ್ರ ದೂರೇ ಅಲ್ಲ. ಅದು ಕೆಜಿಎಫ್ ಆಗುತ್ತೇನೆ ಎಂದು ಯಾವತ್ತೂ ಹೇಳಿರಲಿಲ್ಲ.

ಈ ಮಾತನ್ನು ಬೇರೆ ಊರಿನವರಿಗಿಂತ ನಿಮಗೆ ಹೇಳುವುದು ಸುಲಭ. ನಮ್ಮ ಬಂಡೆಗಳ ನಡುವೆಯೇ ಹುಟ್ಟಿದ ಒಂದು ಸಿನಿಮಾ ಇದೇ ತೀರ್ಪಿಗೆ ಗುರಿಯಾಗಿತ್ತು.

1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮನಗರದ ಬೆಟ್ಟಗಳ ಬುಡದಲ್ಲಿ ಚಿತ್ರೀಕರಣ ಶುರುಮಾಡಿದರು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಇಲ್ಲೇ ಒಂದು ಹಳ್ಳಿಯನ್ನು ಕಟ್ಟಿ ನಿಲ್ಲಿಸಿದರು. ಅದು ರಾಮಗಢ. ಸಾಮಾನು ಸಾಗಿಸಲು ದಾರಿಯೂ ಆಯಿತು, ಆ ಜಾಗಕ್ಕೆ ಸಿಪ್ಪಿ ನಗರ ಎಂಬ ಹೆಸರೂ ಬಿತ್ತು. ಸೆಟ್ಟಿನ ಕೂಲಿಗೂ ಗುಂಪಿನ ದೃಶ್ಯಗಳಿಗೂ ಸುತ್ತಲಿನ ಹಳ್ಳಿಯವರು ಹೋಗಿದ್ದನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ. 1975ರ ಆಗಸ್ಟ್ 15ಕ್ಕೆ 'ಶೋಲೆ' ಬಿಡುಗಡೆಯಾದಾಗ ಮೊದಲ ವಾರದ ಮಾತು ಏನಿತ್ತು ಗೊತ್ತೇ? ಸೋತಿತು ಎಂದು. ಕೌಬಾಯ್ ಚಿತ್ರವನ್ನು ತಂದು ಭಾರತದ ನೆಲಕ್ಕೆ ಕಸಿ ಕಟ್ಟಲು ಹೋಗಿದ್ದಾರೆ, ಕಸಿ ಹಿಡಿದಿಲ್ಲ ಎಂಬ ಅರ್ಥದಲ್ಲಿ ಫಿಲ್ಮ್‌ಫೇರ್ ವಿಮರ್ಶೆ ಬರೆಯಿತು. ಚಿತ್ರ ವ್ಯಾಪಾರದವರು ನಷ್ಟದ ಲೆಕ್ಕ ಹಾಕತೊಡಗಿದರು. ಇಬ್ಬರು ನಾಯಕರಲ್ಲಿ ಒಬ್ಬನಾದ ಜೈ ಸಾಯದಂತೆ ಕೊನೆಯನ್ನು ಮತ್ತೆ ಚಿತ್ರೀಕರಿಸಿ ಸೇರಿಸೋಣವೇ ಎಂಬ ಚರ್ಚೆಯೂ ನಡೆಯಿತು.

ಅದನ್ನು ಉಳಿಸಿದವರು ನಿಮ್ಮಂಥವರೇ, ನೋಡಿ ಬಂದು ಪಕ್ಕದವರಿಗೆ ಹೇಳಿದವರು. ಮುಂಬೈಯ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು. ಸಂಭಾಷಣೆಗಳ ಗ್ರಾಮಫೋನ್ ತಟ್ಟೆ ಹೊರಬಂದ ಮೇಲೆ ಜನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೇ ಟಾಕೀಸಿಗೆ ಹೋದರು. ಮುಂದೇನು ಎಂಬ ನಿರೀಕ್ಷೆ ಅವರಿಗೆ ಉಳಿದೇ ಇರಲಿಲ್ಲ. ಡಕಾಯಿತ ಗಬ್ಬರ್ ಯಾವಾಗ ಏನು ಕೇಳುತ್ತಾನೆ, ಯಾರು ಏನು ಉತ್ತರ ಕೊಡುತ್ತಾರೆ ಎಲ್ಲ ಗೊತ್ತು. ಗೊತ್ತಿದ್ದದ್ದು ಮತ್ತೆ ಕಣ್ಣೆದುರು ನಡೆಯುವುದೇ ಅವರಿಗೆ ಹಬ್ಬ.

ಶೋಲೆಯ ಮೂಲ ಎಲ್ಲಿಂದ ಎಂದು ಹುಡುಕುತ್ತಾ ಹೋದರೆ ದಾರಿ ಬಹಳ ದೂರ ಸಾಗುತ್ತದೆ. ಜಪಾನಿನ ಅಕಿರ ಕುರೊಸಾವಾ 1954ರಲ್ಲಿ 'ಸೆವೆನ್ ಸಮುರಾಯ್' ಮಾಡಿದ. ಡಕಾಯಿತರಿಂದ ಹಳ್ಳಿಯನ್ನು ಕಾಯಲು ಕೂಲಿ ಯೋಧರನ್ನು ಕರೆತರುವ ಕಥೆ. ಆ ಕುರೊಸಾವಾ ಅಮೆರಿಕದ ಜಾನ್ ಫೋರ್ಡ್‌ನ ಕೌಬಾಯ್ ಚಿತ್ರಗಳ ಅಭಿಮಾನಿ. 1960ರಲ್ಲಿ ಅಮೆರಿಕದವರು ಸಮುರಾಯ್ ಕಥೆಯನ್ನು ವಾಪಸು ತೆಗೆದುಕೊಂಡು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿದರು. ಇಟಲಿಯ ಸೆರ್ಜಿಯೊ ಲಿಯೊನೆ ಕುರೊಸಾವಾನ 'ಯೊಜಿಂಬೊ'ವನ್ನು ಹೇಳದೆ ಕೇಳದೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಆಗಿಸಿಕೊಂಡ, ಅದು ವ್ಯಾಜ್ಯಕ್ಕೂ ಹೋಯಿತು. ಲಿಯೊನೆ ಅಮೆರಿಕದ ಮರುಭೂಮಿ ಎಂದು ತೋರಿಸಿದ್ದು ಬಹುಪಾಲು ಸ್ಪೇನಿನ ನೆಲವನ್ನು. ಇವರೆಲ್ಲರನ್ನೂ ನೋಡಿ ಬೆಳೆದವರು ಶೋಲೆಯನ್ನು ಬರೆದ ಸಲೀಂ-ಜಾವೇದ್ ಮತ್ತು ಸಿಪ್ಪಿ. ಶೋಲೆ ಬಂದ ಮರುವರ್ಷವೇ ಸಲೀಂ-ಜಾವೇದ್ ನಮ್ಮ ರಾಜ್‌ಕುಮಾರರ 'ಪ್ರೇಮದ ಕಾಣಿಕೆ'ಗೂ ಕಥೆ ಕೊಟ್ಟರು. ಶೋಲೆಯಾದ ಮೂರೇ ವರ್ಷಕ್ಕೆ, 1978ರಲ್ಲಿ, ಗಿರೀಶ ಕಾರ್ನಾಡರು ಕುರೊಸಾವಾನ ಸಮುರಾಯ್ ಚಿತ್ರಗಳ ಗುಂಗಿನಲ್ಲೇ 'ಒಂದಾನೊಂದು ಕಾಲದಲ್ಲಿ' ಮಾಡಿದರು. ಅದರಲ್ಲಿ ಕೂಲಿ ಯೋಧನಾಗಿ ಕತ್ತಿ ಹಿಡಿದ ಹುಡುಗ ಶಂಕರ್‌ನಾಗ್. ಮೊದಲ ಚಿತ್ರದಲ್ಲೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಅವನಿಗೆ ಬಂತು. ಆ ಚಿತ್ರವನ್ನು ಕುರೊಸಾವಾಗೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯುತ್ತಾ ಕೂತಿದ್ದರೆ ಶಂಕರ್‌ನಾಗ್ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಕಡ ತಂದದ್ದು ನಮ್ಮದಾಗುವುದು ಹೇಗೆ ಎಂಬುದಕ್ಕೆ ಶೋಲೆಯ ಒಂದೇ ದೃಶ್ಯ ಸಾಕು. ಮುಸ್ಸಂಜೆ. ಠಾಕೂರರ ವಿಧವೆ ಸೊಸೆ ಮನೆಯ ಮೊಗಸಾಲೆಯಲ್ಲಿ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಬರುತ್ತಾಳೆ. ಕೆಳಗೆ ಮೆಟ್ಟಿಲ ಮೇಲೆ ಕೂತ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ಒಂದು ಮಾತಿಲ್ಲ. ಸೂರ್ಯ ಮುಳುಗಿ ಕತ್ತಲಾಗುವ ನಡುವಿನ ಆ ಕೆಲವೇ ನಿಮಿಷಗಳ ಬೆಳಕು ಬೇಕೆಂದು ಛಾಯಾಗ್ರಾಹಕ ದ್ವಾರಕಾ ದಿವೇಚಾ ದಿನಾ ಸಂಜೆ ಸ್ವಲ್ಪ ಸ್ವಲ್ಪ ತೆಗೆದು, ಇಪ್ಪತ್ತು ದಿನಗಳಷ್ಟು ಕಾಲ ಅದಕ್ಕೇ ಕೊಟ್ಟರು. ನಮ್ಮ ರಾಮನಗರದ ಸಂಜೆಗಳು ಅವು. ಈಗ ಲಿಯೊನೆಯ 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ನೋಡಿ. ಅದರಲ್ಲೂ ಒಬ್ಬ ಮೌತ್ ಆರ್ಗನ್ ಊದುತ್ತಾನೆ, ಅಣ್ಣನನ್ನು ಕೊಂದವನ ಮೇಲಿನ ಹಗೆಗೆ. ಅಲ್ಲಿ ಸಾವನ್ನು ಕರೆಯುವ ವಾದ್ಯ ಇಲ್ಲಿ ಬಾಯಿಬಿಟ್ಟು ಹೇಳಲಾಗದ ಪ್ರೀತಿಯಾಗಿದೆ. ಅದೇ ಚಿತ್ರದಲ್ಲಿ ಒಂದು ಕುಟುಂಬದ ಕೊಲೆಯಾಗುವ ಮುಂಚೆ ಇದ್ದಕ್ಕಿದ್ದಂತೆ ಎಲ್ಲ ಸದ್ದಡಗುತ್ತದೆ. ಶೋಲೆಯಲ್ಲಿ ಠಾಕೂರರ ಕುಟುಂಬ ಮುಗಿದುಹೋಗುವಾಗ ಖಾಲಿ ಉಯ್ಯಾಲೆಯ ಕಿರುಗುಟ್ಟುವಿಕೆ ಕೇಳುತ್ತಲೇ ಇರುತ್ತದೆ. ಮೂಲ ಗೊತ್ತಿದ್ದವರಿಗೆ ಈ ಎರಡೂ ಕಡೆ ಮೈ ಜುಮ್ಮೆನ್ನುತ್ತದೆ. ಮೂಲ ಗೊತ್ತಿಲ್ಲದವರಿಗೂ ಗಂಟಲು ಕಟ್ಟುತ್ತದೆ. ಇಂಥ ಚಿತ್ರ ಗೆಲ್ಲುವುದು ಹೀಗೆ ಇಬ್ಬರಿಗೂ ಸಲ್ಲುವಾಗ.

ಚನ್ನಪಟ್ಟಣದ ಗೊಂಬೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿನ ಗೊಂಬೆ ಮಾಡುವ ಕ್ರಮ ನೂರು ವರ್ಷದ ಹಿಂದೆ ಇಲ್ಲಿಗೆ ಬಂದು, ಆಲೆ ಮರ ಮತ್ತು ಅರಗಿನ ಬಣ್ಣದ ಜೊತೆ ಬೆರೆತು, ಚನ್ನಪಟ್ಟಣದ್ದೇ ಆಯಿತು ಎಂದು ಅವರೇ ಹೇಳುತ್ತಾರೆ. ಗೊಂಬೆ ಜಪಾನಿನದರಂತಿದೆಯೇ ಎಂದು ಅವರು ಅಳೆಯುತ್ತಾ ಕೂರುವುದಿಲ್ಲ, ಮಗುವಿನ ಕೈಯಲ್ಲಿ ಚೆನ್ನಾಗಿ ತಿರುಗುತ್ತದೆಯೇ, ಬಣ್ಣ ನುಣುಪಾಗಿ ಕೂತಿದೆಯೇ ಎಂಬುದನ್ನು ಕೈಗೆತ್ತಿಕೊಂಡು ನೋಡುತ್ತಾರೆ.

ನಮ್ಮ ಸೀಮೆಯವರಿಗೆ ಇನ್ನೊಂದು ವಿದ್ಯೆಯೂ ಬಂದಿದೆ. ಗೊತ್ತಿದ್ದೂ ನಂಬುವ ವಿದ್ಯೆ. ಮಾಗಡಿಯವರು ಡೇವಿಡ್ ಲೀನ್‌ನ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ನೋಡಿದರೆ ಮರಾಬಾರ್ ಗುಹೆಗಳ ಬೆಟ್ಟ ಯಾವುದೆಂದು ಥಟ್ಟನೆ ಹೇಳುತ್ತಾರೆ. ಅದು ಸಾವನದುರ್ಗ. ಬಿಹಾರದ ಕಥೆಗೆ ನಮ್ಮ ಬಂಡೆ. ರಾಮನಗರದವರಿಗೆ ರಾಮದೇವರ ಬೆಟ್ಟದ ಒಂದೊಂದು ಹಾಸುಬಂಡೆಯೂ ಪರಿಚಯ, ಈಗ ಅದು ರಣಹದ್ದುಗಳ ಅಭಯಾರಣ್ಯ. ಆದರೂ ಶೋಲೆಯಲ್ಲಿ ಗಬ್ಬರ್ ಆ ಬಂಡೆಯ ಮೇಲೆ ಬೆಲ್ಟು ಎಳೆದುಕೊಂಡು ನಡೆಯುವಾಗ "ಇದು ನಮ್ಮ ಬೆಟ್ಟ ಅಲ್ವಾ" ಎಂಬ ಖುಷಿಯೂ "ಅಯ್ಯೋ ಇವನು ಏನು ಮಾಡ್ತಾನೋ" ಎಂಬ ಅಂಜಿಕೆಯೂ ಒಟ್ಟಿಗೇ ಆಗುತ್ತವೆ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ನಮ್ಮ ಹಳ್ಳಿಗಳ ಪೌರಾಣಿಕ ನಾಟಕ ಇದಕ್ಕಿಂತ ದೊಡ್ಡ ಪಾಠಶಾಲೆ. ಕನಕಪುರದ ಕಡೆಯ ಯಾವ ಊರಿಗಾದರೂ ಜಾತ್ರೆಯ ಹೊತ್ತಿಗೆ ಹೋಗಿ, 'ಕುರುಕ್ಷೇತ್ರ' ಇದ್ದೇ ಇರುತ್ತದೆ. ಬಾಡಿಗೆಗೆ ತಂದ ಸೀನರಿ, ಝಗಮಗಿಸುವ ದೀಪ, ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು. ಬೆಳಗ್ಗೆ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿದವರು ರಾತ್ರಿ ಕರ್ಣ. ಪಾತ್ರಕ್ಕೆ ಸಂಭಾವನೆ ಪಡೆಯುವುದಿರಲಿ, ಕೈಯಿಂದ ದುಡ್ಡು ಕಟ್ಟಿ ಪಾತ್ರ ಹಿಡಿದಿರುತ್ತಾರೆ. ಭೀಮ ಬಂದು ಗದೆ ಊರಿದರೆ ಹಲಗೆಯ ಸಂದಿಯಿಂದ ಧೂಳೇಳುತ್ತದೆ. ದುರ್ಯೋಧನ ಸೋಲುತ್ತಾನೆ ಎಂದು ಮುಂದಿನ ಸಾಲಿನ ಮಗುವಿಗೂ ಗೊತ್ತು. ಆದರೂ ಅವನು ಕಂದಪದ್ಯವನ್ನು ಏರುದನಿಗೆ ಒಯ್ದು ನಿಲ್ಲಿಸಿದಾಗ "ವನ್ಸ್ ಮೋರ್" ಬೀಳುತ್ತದೆ, ನೋಟಿನ ಹಾರ ಬರುತ್ತದೆ, ಯುದ್ಧ ಅಷ್ಟು ಹೊತ್ತು ಕಾಯುತ್ತದೆ. ಬೆಳಗಿನ ಜಾವ ಮನೆಗೆ ಹೊರಟವರ ಮಾತು ಕೇಳಿ: "ಈ ಸಲದ ಕರ್ಣ ಕುಂತಿ ಹತ್ರ ಮಾತಾಡುವಾಗ ಚೆನ್ನಾಗಿ ತಡೆದುಕೊಂಡ. ಕೃಷ್ಣನಿಗೆ ಗಂಟಲು ಕೈಕೊಡ್ತು. ಸಂಧಾನದ ಸೀನು ಎಳೆದರು." ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೆಚ್ಚಿಗೆಯೂ ಇದೆ, ದೂರೂ ಇದೆ, ಎರಡೂ ಇವತ್ತಿನ ರಾತ್ರಿ ಕಣ್ಣೆದುರು ನಡೆದದ್ದರ ಬಗ್ಗೆ.

ಆ ನಾಟಕ ನೋಡಿ ಬೆಳೆದ ಮಕ್ಕಳು ನೀವು. ನಿಮ್ಮ ತಾತಂದಿರು 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ನೋಡಿದರು. ಲಂಡನ್ನಿನ ಜೇಮ್ಸ್ ಬಾಂಡ್ ನಮ್ಮ ರಾಜಣ್ಣನಾಗಿ, ಸಿಐಡಿ 999 ಆಗಿ ಬಂದ. ಅದಾದ ಮೇಲೆ 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಸುಮಾರು ಹತ್ತು ವರ್ಷ ಕಳೆದು 'ಆಪರೇಷನ್ ಡೈಮಂಡ್ ರಾಕೆಟ್'. ಮಯೂರನೂ ಭಕ್ತ ಕುಂಬಾರನೂ ಆಗಬಲ್ಲ ಮನುಷ್ಯ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದೇ ಅವರಿಗೆ ಖುಷಿ. ಆ ಖುಷಿಯನ್ನು ಅವರು ಬಾಯಿತುಂಬ ಹೇಳಿಕೊಂಡು ತಿರುಗಿದರು.

ನೀವು ಎತ್ತಬಹುದಾದ ಎದುರುಮಾತು ನನಗೆ ಗೊತ್ತಿದೆ, ಅದರಲ್ಲಿ ನ್ಯಾಯವೂ ಇದೆ. ನಾಟಕಕ್ಕೆ ಟಿಕೆಟಿಲ್ಲ, ಸಿನಿಮಾಕ್ಕೆ ಇದೆ. ನಾಲ್ಕು ಜನರ ಮನೆ ಬೆಂಗಳೂರಿನ ಮಾಲ್‌ಗೆ ಹೋಗಿ ಸಿನಿಮಾ ನೋಡಿ, ಪಾಪ್‌ಕಾರ್ನ್ ತಿಂದು ಬಂದರೆ ರೇಷ್ಮೆಗೂಡು ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು ಕರಗಿಹೋಗಿರುತ್ತದೆ. ಟೀಸರ್, ಟ್ರೇಲರ್, ಹಾಡಿನ ಬಿಡುಗಡೆ, ಪ್ರೀ-ರಿಲೀಸ್ ಈವೆಂಟ್ ಎಂದು ಆರು ತಿಂಗಳು ಆಸೆ ಹತ್ತಿಸಿದವರು ಚಿತ್ರದವರೇ ಅಲ್ಲವೇ? ಅವರು ಹತ್ತಿಸಿದ ನಿರೀಕ್ಷೆಯಿಂದ ಅವರನ್ನು ಅಳೆದರೆ ತಪ್ಪೇನು? ತಪ್ಪಿಲ್ಲ. ಟ್ರೇಲರ್ ಮೋಸ ಮಾಡಿದರೆ ಟ್ರೇಲರ್ ಮೋಸ ಮಾಡಿತು ಎಂದೇ ಹೇಳಿ, ಜೋರಾಗಿಯೇ ಹೇಳಿ. ಪ್ರಚಾರದವರ ಲೆಕ್ಕವನ್ನು ನಿರ್ದೇಶಕರ, ಸಂಕಲನಕಾರರ, ಕಲಾವಿದರ ಖಾತೆಗೆ ಬರೆಯಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಪ್ರೀತಿಯಿಂದ ಮಾಡಿದ್ದು ಎಂದು ಎಲ್ಲವನ್ನೂ ಮನ್ನಿಸಿ ಎಂದೂ ನಾನು ಹೇಳುತ್ತಿಲ್ಲ. ರಾಮ್‌ಗೋಪಾಲ್ ವರ್ಮಾ ಶೋಲೆಯ ಮೇಲಿನ ಅಭಿಮಾನದಿಂದಲೇ 2007ರಲ್ಲಿ ತಮ್ಮ 'ಆಗ್' ಮಾಡಿದರು. ಗಬ್ಬರ್‌ನ ಜಾಗದಲ್ಲಿ ಬಬ್ಬನ್ ಆಗಿ ಅಮಿತಾಭ್ ಬಚ್ಚನ್. ಅದು ನೆಲಕಚ್ಚಿದ್ದಕ್ಕೆ ಜನರ ನಿರೀಕ್ಷೆಯೊಂದನ್ನೇ ಕಾರಣ ಮಾಡಲಾಗದು. ಬಂಡೆ, ಬಯಲು, ಬಿಸಿಲು, ಬೀಸುವ ಗಾಳಿ ಇಲ್ಲದ ಕತ್ತಲ ಗೋದಾಮುಗಳಲ್ಲಿ ಅದೇ ಪಾತ್ರಗಳನ್ನು ತಂದು ನಿಲ್ಲಿಸಿದರು. ಅವಕ್ಕೆ ಅಲ್ಲಿ ಮಾಡಲು ಹೊಸದಾಗಿ ಏನೂ ಇರಲಿಲ್ಲ. ಶೋಲೆಯನ್ನು ನೋಡಿಯೇ ಇಲ್ಲದವರಿಗೂ ಆ ಚಿತ್ರ ಸಪ್ಪೆಯಾಗುತ್ತಿತ್ತು. ಹಾಗೆ ಬಿಡಿಸಿ ಹೇಳಿದ ದೂರಿನಿಂದ ಮುಂದೆ ಚಿತ್ರ ಮಾಡುವವರಿಗೂ ಉಪಯೋಗವಿದೆ.

ಇನ್ನೊಂದು ಮಾತು. ಮೊದಲ ದಿನದ ತೀರ್ಪನ್ನು ಕಾಲ ಎಷ್ಟೋ ಸಲ ತಿದ್ದಿದೆ. ರಕ್ಷಿತ್ ಶೆಟ್ಟಿಯ 'ಉಳಿದವರು ಕಂಡಂತೆ' 2014ರಲ್ಲಿ ಬಂತು. ಒಂದೇ ಘಟನೆಯನ್ನು ಹಲವರ ಕಣ್ಣಿಂದ ಹೇಳುವ, ಕುರೊಸಾವಾನ 'ರಾಶೋಮನ್' ನೆನಪಿಸುವ ಕಟ್ಟು. ಟಾಕೀಸಿನಲ್ಲಿ ಅದು ಹೇಳಿಕೊಳ್ಳುವಂತೆ ಓಡಲಿಲ್ಲ. ಇವತ್ತು ಅದರ ಮಾತುಗಳನ್ನು ಕಾಲೇಜು ಹುಡುಗರು ಬಾಯಿಪಾಠ ಹೇಳುತ್ತಾರೆ. ಕಿರುಪರದೆಯ ಮುಂದೆ ಯಾವ ಹೋಲಿಕೆಯ ಭಾರವೂ ಇಲ್ಲದೆ ಕೂತು ನೋಡಿದವರೇ ಅದನ್ನು ಎತ್ತಿ ಹಿಡಿದದ್ದು. ಶೋಲೆಯದ್ದೂ ಹಾಗೇ. ತುರ್ತುಪರಿಸ್ಥಿತಿಯ ಸೆನ್ಸಾರ್ ಬದಲಿಸಿದ ಅದರ ಮೂಲ ಅಂತ್ಯವನ್ನು ಮರಳಿ ಸೇರಿಸಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನ ಕಂಡಿತು. ಕಸಿ ಹಿಡಿಯಲಿಲ್ಲ ಎನಿಸಿಕೊಂಡ ಚಿತ್ರ ಐವತ್ತು ವರ್ಷದ ಮೇಲೆ ಲಿಯೊನೆಯ ನಾಡಿಗೇ ಹೋಯಿತು, ನಮ್ಮ ಬಂಡೆಗಳನ್ನು ಹೊತ್ತುಕೊಂಡು.

ನಿಮ್ಮಲ್ಲೇ ಹಲವರು ಈಗ ಮೊಬೈಲ್ ಹಿಡಿದು ಶಾರ್ಟ್ ಫಿಲ್ಮ್ ಮಾಡುತ್ತಿದ್ದೀರಿ. ಮಂಚನಬೆಲೆಯ ಹಿನ್ನೀರಿನಲ್ಲಿ, ಹಂದಿಗೊಂದಿಯ ಬಂಡೆಗಳಲ್ಲಿ, ಸಂಗಮದ ಮರಳಿನಲ್ಲಿ ಟ್ರೈಪಾಡು ಊರಿದ ಹುಡುಗ ಹುಡುಗಿಯರನ್ನು ನೋಡುತ್ತಲೇ ಇರುತ್ತೇನೆ. ನೀವು ಮೊದಲು ಮಾಡುವುದು ನಿಮಗೆ ತೀರಾ ಇಷ್ಟವಾದ ಯಾವುದೋ ಸಿನಿಮಾದ ನೆರಳನ್ನೇ. ಅದು ಸಹಜ, ಕುರೊಸಾವಾ ಕಲಿತದ್ದೂ ಹಾಗೆಯೇ. ಆ ಚಿತ್ರ ತೋರಿಸುವಾಗ "ಇದು ಅದರಷ್ಟು ಇಲ್ಲ" ಎಂದು ಯಾರಾದರೂ ಎದ್ದುಹೋದರೆ ನಿಮಗೆ ಹೇಗಾಗುತ್ತದೆ, ಯೋಚಿಸಿ. "ಇಲ್ಲಿ ಕ್ಯಾಮೆರಾ ತಡವಾಗಿ ತಿರುಗಿತು, ಇಲ್ಲಿ ಮಾತ್ರ ನಕ್ಕುಬಿಟ್ಟೆ" ಎಂದು ಒಬ್ಬರು ಹೇಳಿದರೆ ನೀವು ರಾತ್ರಿಯೆಲ್ಲ ಕೂತು ಆ ಶಾಟನ್ನು ಮತ್ತೆ ಕತ್ತರಿಸುತ್ತೀರಿ.

ಹಾಗಾಗಿ ಮೈಕು ಹಿಡಿದವರು "ಒಂದೇ ಮಾತಲ್ಲಿ ಹೇಳಿ ಬ್ರೋ, ಹಿಟ್ಟಾ ಫ್ಲಾಪಾ" ಎಂದು ಕೇಳಿದರೆ ಒಂದು ದೃಶ್ಯ ಹೇಳಿ. ನೀವು ಸೀಟಿನಲ್ಲಿ ಮುಂದಕ್ಕೆ ಬಾಗಿದ್ದು ಎಲ್ಲಿ, ಫೋನು ತೆಗೆದದ್ದು ಎಲ್ಲಿ, ಪಕ್ಕದಲ್ಲಿ ಕೂತ ಅಜ್ಜಿ ನಕ್ಕದ್ದು ಎಲ್ಲಿ ಎಂದು ಹೇಳಿ. ಇಷ್ಟವಾಗದಿದ್ದರೆ ಆಗಲಿಲ್ಲ ಎನ್ನಿ, ಯಾವ ಜಾಗದಲ್ಲಿ ಎಂಬುದನ್ನೂ ಸೇರಿಸಿ. ಅದಕ್ಕೆ ಅರ್ಧ ನಿಮಿಷ ಜಾಸ್ತಿ ಹಿಡಿಯಬಹುದು. ಸಂಜೆಯ ಆಟಕ್ಕೆ ಟಿಕೆಟು ತೆಗೆದುಕೊಳ್ಳಲೋ ಬೇಡವೋ ಎಂದು ನಿಂತಿರುವವರು ಅಷ್ಟು ಹೊತ್ತು ಖಂಡಿತ ಕಾಯುತ್ತಾರೆ.

ಇಂತಿ,
ನಿಮ್ಮ ಜೊತೆ ಅದೇ ಟಾಕೀಸಿನಲ್ಲಿ ಕೂರುವ
ಒಬ್ಬ ಪ್ರೇಕ್ಷಕ